ಒಂದೇ ಎಸೆತದ ಹತ್ತೊಂಬತ್ತು ವರ್ಷ: ರಿಲೀಫ್ ಪಿಚರ್ ಮರಿಯಾನೊ ರಿವೇರಾ ಪ್ರಕರಣ

ಬೇಸ್‌ಬಾಲ್‌ನಲ್ಲಿ ರಿಲೀಫ್ ಪಿಚರ್ (ಪಂದ್ಯದ ನಡುವೆ ಬಂದು ಚೆಂಡು ಎಸೆಯುವವನು) ಆಗಿ ಹೆಸರು ಮಾಡುವುದು ಕಷ್ಟ, ಮಾಡಿದ ಹೆಸರು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಎರಿಕ್ ಗಾನ್ಯೆ 2002ರಿಂದ 2004ರವರೆಗಿನ ಮೂರು ಋತುಗಳಲ್ಲಿ 152 ಸೇವ್ (ತಂಡದ ಮುನ್ನಡೆ ಕಾಯ್ದು ಪಂದ್ಯ ಮುಗಿಸಿದ ದಾಖಲೆ) ಗಳಿಸಿದರು. ನಡುವೆ ಸತತ 84 ಅವಕಾಶಗಳಲ್ಲಿ ಒಮ್ಮೆಯೂ ಎಡವಲಿಲ್ಲ. 2003ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಬಂತು. 2005ರಲ್ಲಿ ಮೊಣಕೈ ಕೈಕೊಟ್ಟಿತು, ಮರುವರ್ಷ ಆಡಿದ್ದು ಎರಡೇ ಪಂದ್ಯ, 2008ಕ್ಕೆ ಮೇಜರ್ ಲೀಗ್ ಋಣವೇ ತೀರಿತು. ಈ ಕಸುಬಿನಲ್ಲಿ ಹೀಗಾಗುವುದೇ ವಾಡಿಕೆ.

ನ್ಯೂಯಾರ್ಕ್ ಯಾಂಕೀಸ್‌ನ ಮರಿಯಾನೊ ರಿವೇರಾ ಈ ವಾಡಿಕೆಗೆ ಸಿಗದವರು. 1995ರಿಂದ 2013ರವರೆಗೆ ಹತ್ತೊಂಬತ್ತು ಋತು ಒಂದೇ ತಂಡಕ್ಕೆ ಆಡಿ, 1,115 ಪಂದ್ಯಗಳಲ್ಲಿ ಚೆಂಡು ಹಿಡಿದು, 652 ಸೇವ್ ಗಳಿಸಿದರು. ಇಷ್ಟು ಸೇವ್ ಇನ್ಯಾರ ಹೆಸರಲ್ಲೂ ಇಲ್ಲ. ಅವರ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್, 2.21. ಇದನ್ನೆಲ್ಲ ಪ್ರತಿಭೆ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವವರಿದ್ದಾರೆ. ಪ್ರತಿಭೆ ಗಾನ್ಯೆಗೂ ಇತ್ತು. ರಿವೇರಾ ಒಬ್ಬೊಬ್ಬ ಬ್ಯಾಟರ್‌ನನ್ನು ಔಟ್ ಮಾಡಲು ಎಷ್ಟು ಎಸೆತ ಖರ್ಚು ಮಾಡಿದರು, ಆ ತೋಳನ್ನು ತಂಡ ಎಲ್ಲಿ ಉಳಿಸಿ ಎಲ್ಲಿ ಬಳಸಿತು ಎಂಬ ಲೆಕ್ಕ ನೋಡಿದರೆ ಈ ದೀರ್ಘಾಯುಷ್ಯ ಅರ್ಥವಾಗುತ್ತದೆ. ಅವರು ಎಡವಿದ ದಿನಗಳೂ ಅದೇ ಲೆಕ್ಕದೊಳಗೇ ಬರುತ್ತವೆ.

ಕ್ಲೋಸರ್‌ನ ಕೆಲಸ

ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಇನ್ನಿಂಗ್ಸ್‌ಗೆ ಮೂರು ಔಟ್. ಮೊದಲು ಬರುವ ಸ್ಟಾರ್ಟರ್ ಸಾಮಾನ್ಯವಾಗಿ ಐದರಿಂದ ಏಳು ಇನ್ನಿಂಗ್ಸ್ ಎಸೆದು, ಮುಂದಿನ ನಾಲ್ಕು ದಿನ ವಿಶ್ರಾಂತಿ ಪಡೆಯುತ್ತಾನೆ. ಅವನ ನಂತರ ಬರುವವರೆಲ್ಲ ರಿಲೀಫ್ ಪಿಚರ್‌ಗಳು. ಅವರಲ್ಲಿ ಎಂಟನೇ ಇನ್ನಿಂಗ್ಸ್ ನೋಡಿಕೊಳ್ಳುವವನು ಸೆಟಪ್ ಮ್ಯಾನ್, ಒಂಬತ್ತನೆಯದನ್ನು ಮುಗಿಸುವವನು ಕ್ಲೋಸರ್. ರಿಲೀಫ್ ಪಿಚರ್‌ಗೆ ಸತತ ಎರಡು ದಿನ, ಕೆಲವೊಮ್ಮೆ ಮೂರು ದಿನವೂ ಕರೆ ಬರಬಹುದು. ಆಡದ ದಿನವೂ ಬುಲ್‌ಪೆನ್‌ನಲ್ಲಿ (ರಿಲೀಫ್ ಪಿಚರ್‌ಗಳು ಕಾಯುವ ಜಾಗ) ಎದ್ದು ತೋಳು ಬಿಸಿ ಮಾಡಿಕೊಂಡು, ಕರೆ ಬಾರದೆ ಮತ್ತೆ ಕೂರಬೇಕಾಗುತ್ತದೆ. ಆ ಎಸೆತಗಳು ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ, ಭುಜ ಮಾತ್ರ ಮರೆಯುವುದಿಲ್ಲ.

ಸೇವ್ 1969ರಿಂದ ಅಧಿಕೃತ ದಾಖಲೆ. ಗೆದ್ದ ಪಂದ್ಯವನ್ನು ಕೊನೆಯಲ್ಲಿ ಮುಗಿಸಿದ ಪಿಚರ್‌ಗೆ ಅದು ಸಿಗುತ್ತದೆ, ಆದರೆ ಗೆಲುವು ಅವನ ಹೆಸರಲ್ಲೇ ಬರೆದಿರಬಾರದು. ಜೊತೆಗೆ ಮೂರರಲ್ಲಿ ಒಂದು ಷರತ್ತು ಪೂರೈಸಬೇಕು: ಮೂರು ರನ್ ಮೀರದ ಮುನ್ನಡೆಯಲ್ಲಿ ಬಂದು ಕನಿಷ್ಠ ಒಂದು ಇನ್ನಿಂಗ್ಸ್ ಎಸೆದಿರಬೇಕು, ಇಲ್ಲವೇ ಅವನು ಬಂದಾಗ ಪಂದ್ಯ ಸಮ ಮಾಡಬಲ್ಲ ಆಟಗಾರ ಬೇಸ್‌ನಲ್ಲೋ (ರನ್‌ಗಾಗಿ ಸುತ್ತಬೇಕಾದ ನೆಲೆಗಳಲ್ಲಿ ಒಂದು), ಬ್ಯಾಟ್ ಹಿಡಿದೋ, ಮುಂದಿನ ಸರದಿಗೆ ಕಾದೋ ಇರಬೇಕು, ಇಲ್ಲವೇ ಅವನು ಮೂರು ಇನ್ನಿಂಗ್ಸ್ ಎಸೆದಿರಬೇಕು. ಇಂಥ ಅವಕಾಶದಲ್ಲಿ ಮುನ್ನಡೆ ಕೈಬಿಟ್ಟರೆ ಅದು ಬ್ಲೋನ್ ಸೇವ್.

ಈ ಅಂಕಿಯನ್ನು ಅತಿಯಾಗಿ ನಂಬಬಾರದು. ಮೂರು ರನ್ ಮುನ್ನಡೆಯಲ್ಲಿ ಮೂರು ಔಟ್ ತೆಗೆಯುವುದು ಸಾಧಾರಣ ಪಿಚರ್‌ಗೂ ಆಗುವ ಕೆಲಸ. ರಿವೇರಾರನ್ನು ಅಳೆಯಲು ಸೇವ್‌ಗಿಂತ ಇನ್ನಿಂಗ್ಸ್ ಎಷ್ಟು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಎಷ್ಟು, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಎಷ್ಟು ಎಂದು ನೋಡುವುದೇ ಸರಿ.

ಪನಾಮಾದಿಂದ ನ್ಯೂಯಾರ್ಕ್‌ಗೆ

ಹುಟ್ಟಿದ್ದು 1969ರ ನವೆಂಬರ್ 29, ಬೆಳೆದದ್ದು ಪನಾಮಾದ ಪುಯೆರ್ತೊ ಕೈಮಿತೊ ಎಂಬ ಮೀನುಗಾರರ ಊರಿನಲ್ಲಿ. ತಂದೆ ಮೀನುಗಾರಿಕೆ ದೋಣಿಯ ಕ್ಯಾಪ್ಟನ್, ಮಗನೂ ಅದೇ ದೋಣಿಯಲ್ಲಿ ದುಡಿದವರು. ಆಟದಲ್ಲಿ ಅವರ ಜಾಗ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್. 1988ರಲ್ಲಿ ನೋಡಿದ ಯಾಂಕೀಸ್‌ಗೆ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಹರ್ಬ್ ರೇಬರ್ನ್ ಆ ಜಾಗಕ್ಕೆ ಈ ಹುಡುಗ ಸಾಲದು ಎಂದು ಬಿಟ್ಟುಬಿಟ್ಟಿದ್ದರು. ಮರುವರ್ಷ ತಂಡದ ಪಿಚರ್ ಹೊಡೆತ ತಿನ್ನುತ್ತಿದ್ದಾಗ ರಿವೇರಾ ತಾನೇ ಎಸೆಯುತ್ತೇನೆಂದು ಮುಂದೆ ಬಂದರು. ಆ ಸುದ್ದಿ ರೇಬರ್ನ್‌ಗೆ ತಲುಪಿ 1990ರ ಫೆಬ್ರವರಿಯಲ್ಲಿ ಸಹಿಯಾಯಿತು. ಕೈಗೆ ಬಂದದ್ದು ಎರಡೂವರೆ ಸಾವಿರ ಡಾಲರ್ ಆಸುಪಾಸು. ಆಗ ವೇಗ ಗಂಟೆಗೆ 140 ಕಿಲೋಮೀಟರ್ ಅಷ್ಟೇ, ಮೈಕಟ್ಟು ಕಡ್ಡಿಯಂತೆ. ರೇಬರ್ನ್ ಮೆಚ್ಚಿದ್ದು ವೇಗವನ್ನಲ್ಲ, ತಡೆಯಿಲ್ಲದೆ ಹರಿಯುವ ಆ ತೋಳಿನ ಬೀಸನ್ನು. ಇಪ್ಪತ್ತು ವರ್ಷದ ನಂತರವೂ ಆ ಬೀಸು ಬದಲಾಗಲಿಲ್ಲ. ಸ್ಕೌಟಿಂಗ್‌ನಲ್ಲಿ ರೇಡಾರ್ ಗನ್ನಿನ ಅಂಕಿಯನ್ನೇ ನಂಬುವವರು ಗಮನಿಸಬೇಕಾದದ್ದು ಇಲ್ಲಿದೆ.

ಮೊದಲ ವರ್ಷ ಗಲ್ಫ್ ಕೋಸ್ಟ್ ಲೀಗ್ ಎಂಬ ಕಿರಿಯರ ಲೀಗ್‌ನಲ್ಲಿ 52 ಇನ್ನಿಂಗ್ಸ್ ಎಸೆದು ಕೊಟ್ಟದ್ದು ಒಂದೇ ಅರ್ನ್ಡ್ ರನ್ (ಫೀಲ್ಡರ್ ತಪ್ಪಿಲ್ಲದೆ ಬಂದ ರನ್). 1992ರ ಆಗಸ್ಟ್‌ನಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ. ಅಸ್ಥಿರಜ್ಜು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಬೇಸ್‌ಬಾಲ್‌ಗೆ ತಂದ ಡಾ. ಫ್ರಾಂಕ್ ಜೋಬ್ ಅವರೇ ಮೊಣಕೈ ಬಿಚ್ಚಿ ನೋಡಿ, ರಜ್ಜು ಬದಲಿಸುವ ಅಗತ್ಯ ಕಾಣದೆ ದುರಸ್ತಿಯಷ್ಟೇ ಮಾಡಿದರು. ಅದೇ ನವೆಂಬರ್‌ನಲ್ಲಿ ಕೊಲರಾಡೊ ಮತ್ತು ಫ್ಲಾರಿಡಾದ ಹೊಸ ತಂಡಗಳಿಗಾಗಿ ಆಟಗಾರರ ಹಂಚಿಕೆ ನಡೆದಾಗ ಯಾಂಕೀಸ್ ಅವರನ್ನು ಕಾಯ್ದಿರಿಸಿದವರ ಪಟ್ಟಿಗೇ ಸೇರಿಸಲಿಲ್ಲ. ಎರಡೂ ತಂಡಗಳು ಅವರನ್ನು ಕೇಳಲಿಲ್ಲ.

1995ರ ಮೇ 23ರಂದು ಕ್ಯಾಲಿಫೋರ್ನಿಯಾ ಏಂಜಲ್ಸ್ ವಿರುದ್ಧ ಸ್ಟಾರ್ಟರ್ ಆಗಿ ಪಾದಾರ್ಪಣೆ: 3⅓ ಇನ್ನಿಂಗ್ಸ್, ಐದು ರನ್. ಜೂನ್‌ನಲ್ಲಿ ಮತ್ತೆ ಕೊಲಂಬಸ್‌ನ ಕಿರಿಯ ತಂಡಕ್ಕೆ. ಅಲ್ಲಿ ಅವರ ವೇಗ ಇದ್ದಕ್ಕಿದ್ದಂತೆ 150 ದಾಟಿತು. ಡೆಟ್ರಾಯಿಟ್‌ನ ಡೇವಿಡ್ ವೆಲ್ಸ್‌ಗಾಗಿ ಈ ಹುಡುಗನನ್ನು ಕೊಡುವ ಮಾತುಕತೆಯಲ್ಲಿದ್ದ ಜನರಲ್ ಮ್ಯಾನೇಜರ್ ಜೀನ್ ಮೈಕಲ್ ರೇಡಾರ್ ವರದಿ ನೋಡಿ, ಅದು ಸರಿಯೇ ಎಂದು ಬೇರೆಡೆಯೂ ವಿಚಾರಿಸಿ ಖಾತ್ರಿ ಮಾಡಿಕೊಂಡು ಮಾತುಕತೆ ನಿಲ್ಲಿಸಿದರು. ವಾಪಸ್ ಬಂದ ರಿವೇರಾ ಜುಲೈ 4ರಂದು ಶಿಕಾಗೊ ವೈಟ್ ಸಾಕ್ಸ್ ವಿರುದ್ಧ ಎಂಟು ಇನ್ನಿಂಗ್ಸ್ ಎಸೆದರು: ಎರಡು ಹಿಟ್, 11 ಸ್ಟ್ರೈಕ್‌ಔಟ್, ರನ್ ಇಲ್ಲ. ಆದರೂ ಋತು ಮುಗಿದಾಗ ಇಆರ್‌ಎ 5.51. ಆಗ ಅವರು ನೆಚ್ಚಿಕೊಂಡಿದ್ದದ್ದು ಹೆಚ್ಚಾಗಿ ನೇರ ವೇಗದ ಎಸೆತವನ್ನೇ. ಸ್ಟಾರ್ಟರ್ ಆದವನು ಒಂದೇ ಬ್ಯಾಟರ್‌ಗೆ ಒಂದೇ ದಿನ ಮೂರು ಸಲ ಎಸೆಯಬೇಕು, ಮೂರನೇ ಸಲಕ್ಕೆ ಆ ಒಂದು ಎಸೆತದ ಗುಟ್ಟು ಬಯಲಾಗಿರುತ್ತದೆ. ಒಂದೆರಡು ಇನ್ನಿಂಗ್ಸ್‌ಗೆ ಬಂದು ಹೋಗುವವನಿಗೆ ಆ ಕಾಟವಿಲ್ಲ. ಬುಲ್‌ಪೆನ್ ಅವರ ಪಾಲಿಗೆ ಹಿಂಬಡ್ತಿ ಆಗಿರಲಿಲ್ಲ, ಸರಿಯಾದ ಜಾಗವಾಗಿತ್ತು.

107⅔ ಇನ್ನಿಂಗ್ಸ್

1996ರಲ್ಲಿ ಕ್ಲೋಸರ್ ಜಾನ್ ವೆಟ್‌ಲ್ಯಾಂಡ್. ರಿವೇರಾ ಅವರಿಗಿಂತ ಮೊದಲು ಬಂದು ಏಳನೇ ಮತ್ತು ಎಂಟನೇ ಇನ್ನಿಂಗ್ಸ್ ಎಸೆಯುತ್ತಿದ್ದರು. ಆರು ಇನ್ನಿಂಗ್ಸ್ ಮುಗಿದಾಗ ಮುಂದಿದ್ದ ಪಂದ್ಯಗಳಲ್ಲಿ ಆ ವರ್ಷ ಯಾಂಕೀಸ್ 70 ಗೆದ್ದು 3 ಸೋತಿತು. ಪಂದ್ಯ ಆರು ಇನ್ನಿಂಗ್ಸ್‌ಗೇ ಮುಗಿದುಹೋಯಿತು ಎಂದು ಎದುರಾಳಿಗಳು ಗೊಣಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ರಿವೇರಾ 107⅔ ಇನ್ನಿಂಗ್ಸ್‌ಗಳಲ್ಲಿ 130 ಸ್ಟ್ರೈಕ್‌ಔಟ್ ಪಡೆದರು. ಸೆಟಪ್ ಮ್ಯಾನ್ ಆಗಿದ್ದೂ ಸೈ ಯಂಗ್ ಮತದಾನದಲ್ಲಿ ಮೂರನೇ ಸ್ಥಾನ ಸಿಕ್ಕಿತು. ತಂಡ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು.

ಕಣ್ಣಿಗೆ ಹಬ್ಬವಾದ ಈ ವರ್ಷವೇ ತೋಳಿಗೆ ಅತಿ ಅಪಾಯದ ವರ್ಷವೂ ಹೌದು. ಸ್ಟ್ರೈಕ್‌ಔಟ್‌ಗೆ ಕನಿಷ್ಠ ಮೂರು ಎಸೆತ ಬೇಕು, ವಾಸ್ತವದಲ್ಲಿ ಐದರ ಆಸುಪಾಸು ತಗಲುತ್ತದೆ. ಪ್ರತಿಯೊಂದೂ ಪೂರ್ಣ ಬಲದ್ದು. ಇದೇ ರೀತಿ ಇನ್ನೆರಡು ವರ್ಷ ಹೋಗಿದ್ದರೆ ರಿವೇರಾ ಹೆಸರೂ ಗಾನ್ಯೆಯ ಸಾಲಿಗೆ ಸೇರುವ ಸಂಭವವಿತ್ತು. ವೆಟ್‌ಲ್ಯಾಂಡ್ ಟೆಕ್ಸಸ್‌ಗೆ ಹೋದರು, 1997ರಲ್ಲಿ ರಿವೇರಾ ಕ್ಲೋಸರ್ ಆದರು. ಮೊದಲ ಆರು ಅವಕಾಶಗಳಲ್ಲಿ ಮೂರು ಕೈತಪ್ಪಿದವು. ಮ್ಯಾನೇಜರ್ ಜೋ ಟೋರಿ ಅವರನ್ನು ಜಾಗದಿಂದ ಕದಲಿಸಲಿಲ್ಲ. ಕೆಲಸ ನಿನ್ನದೇ ಎಂದು ಹೇಳಿ ಬಿಟ್ಟರು.

ಕಟರ್

1997ರ ಜೂನ್. ಡೆಟ್ರಾಯಿಟ್‌ನಲ್ಲಿ ಪಂದ್ಯಕ್ಕೆ ಮುನ್ನ ಸಹ ಆಟಗಾರ ರಮಿರೊ ಮೆಂಡೋಜಾ ಜೊತೆ ರಿವೇರಾ ಸುಮ್ಮನೆ ಚೆಂಡು ಎಸೆದಾಡುತ್ತಿದ್ದರು. ನೇರವಾಗಿ ಹೋಗಬೇಕಾದ ಚೆಂಡು ಕೊನೆಯಲ್ಲಿ ಪಕ್ಕಕ್ಕೆ ಜರುಗತೊಡಗಿತು. ಬೇಕೆಂದು ಮಾಡಿದ್ದಲ್ಲ. ಪಿಚಿಂಗ್ ಕೋಚ್ ಮೆಲ್ ಸ್ಟಾಟಲ್‌ಮೈರ್, ಬುಲ್‌ಪೆನ್ ಕ್ಯಾಚರ್ ಮೈಕ್ ಬೋರ್ಜೆಲ್ಲೊ ಜೊತೆ ಕೂತು ಹಿಡಿತ ಬದಲಿಸಿ, ಬಿಡುವ ಕೋನ ಬದಲಿಸಿ ಚೆಂಡನ್ನು ನೇರ ಮಾಡಲು ವಾರಗಟ್ಟಲೆ ಪ್ರಯತ್ನಿಸಿದರು. ಆಗಲಿಲ್ಲ. ಕೊನೆಗೆ ಅದು ಹೋದ ಹಾಗೆ ಹೋಗಲಿ ಎಂದು ಬಿಟ್ಟರು. ನಿಯಂತ್ರಣ ಸಿಕ್ಕ ಮೇಲೆ ಅದೇ ಅವರ ಕಟರ್ ಆಯಿತು. ಮುಂದಿನ ವರ್ಷಗಳಲ್ಲಿ ಅವರ ಹತ್ತು ಎಸೆತಗಳಲ್ಲಿ ಎಂಟೊಂಬತ್ತು ಅದೇ.

ಹಿಡಿತ ನೋಡಲು ಸರಳ. ಮಾಮೂಲಿ ಫಾಸ್ಟ್‌ಬಾಲ್‌ನಂತೆ ತೋರುಬೆರಳು, ನಡುಬೆರಳು ಹೊಲಿಗೆಗೆ ಅಡ್ಡಲಾಗಿ ಕೂರುತ್ತವೆ. ಚೆಂಡನ್ನು ತುಸು ತಿರುಗಿಸಿ ಹಿಡಿದು, ಬಿಡುವಾಗ ಒತ್ತಡ ನಡುಬೆರಳಿನ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಹೆಬ್ಬೆರಳು ಚೆಂಡಿನ ಅಡಿಗೆ ಸೇರಿರಬೇಕು. ಮಣಿಕಟ್ಟನ್ನು ತಿರುಚಬಾರದು. ತಿರುಚಿದರೆ ಅದು ಸ್ಲೈಡರ್ ಆಗುತ್ತದೆ: ತಿರುವು ಹೆಚ್ಚು, ವೇಗ ಕಡಿಮೆ, ಬ್ಯಾಟರ್‌ಗೆ ಬೇಗ ಗೊತ್ತಾಗುತ್ತದೆ. ಒತ್ತಡ ಸಾಲದಿದ್ದರೆ ಇನ್ನೂ ಕೆಟ್ಟದು. ತಿರುವೇ ಇಲ್ಲದ, ಪೂರ್ಣ ವೇಗವೂ ಇಲ್ಲದ ಚೆಂಡು ಪ್ಲೇಟಿನ (ಬ್ಯಾಟರ್ ಪಕ್ಕದ ನೆಲದ ಹಲಗೆ) ನಡುವೆ ಬಂದು ಹೋಮ್ ರನ್ (ಬೇಲಿ ದಾಟಿದ ಹೊಡೆತ) ಆಗಿ ಹೋಗುತ್ತದೆ. ಕಟರ್ ಕಲಿಯಲು ಹೊರಟ ಪಿಚರ್‌ಗಳು ಬಹುತೇಕ ಎಡವುವುದು ಈ ಎರಡು ಕಡೆಯೇ.

ರಿವೇರಾರ ಕಟರ್ ಗಂಟೆಗೆ ಸುಮಾರು 148 ರಿಂದ 150 ಕಿಲೋಮೀಟರ್ ವೇಗದಲ್ಲಿ ಬರುತ್ತಿತ್ತು. ಪಿಚರ್ ನಿಲ್ಲುವ ದಿಬ್ಬದಿಂದ ಪ್ಲೇಟಿಗೆ 18.44 ಮೀಟರ್. ಕೈಯಿಂದ ಬಿಟ್ಟ ಚೆಂಡು ತಲುಪಲು ಹಿಡಿಯುವುದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ. ಬ್ಯಾಟರ್ ಅರ್ಧ ದಾರಿಯಲ್ಲೇ ಬೀಸುವ ನಿರ್ಧಾರ ಮಾಡಿರಬೇಕು. ಅವರ ಕಟರ್‌ಗೂ ನೇರ ಎಸೆತಕ್ಕೂ ಚೆಂಡಿನ ತಿರುಗುವಿಕೆ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದುದರಿಂದ, ಬೀಸು ಶುರುವಾದ ಮೇಲೆ ಚೆಂಡು ಜರುಗಿದ್ದು ಅರಿವಾಗುತ್ತಿತ್ತು. ನಮ್ಮ ವೆಂಕಟೇಶ್ ಪ್ರಸಾದ್ ಅವರ ಲೆಗ್ ಕಟರ್ ಪಿಚ್‌ಗೆ ಬಿದ್ದು ಜರುಗುತ್ತಿತ್ತು. ಇದು ನೆಲ ಮುಟ್ಟದೆ ಗಾಳಿಯಲ್ಲೇ ಜರುಗುತ್ತದೆ. ಬೇಸ್‌ಬಾಲ್ ಬ್ಯಾಟ್‌ನ ಅತಿ ದಪ್ಪ ಭಾಗವೂ 6.6 ಸೆಂಟಿಮೀಟರ್ ವ್ಯಾಸ ಮೀರುವಂತಿಲ್ಲ, ಚೆಂಡು ಚೆನ್ನಾಗಿ ಸಿಡಿಯುವ ಜಾಗ ಇರುವುದೋ ಕೆಲವೇ ಸೆಂಟಿಮೀಟರ್ ಉದ್ದ. ಅಷ್ಟು ತಪ್ಪಿದರೆ ಬಲಗೈ ಬ್ಯಾಟರ್‌ಗೆ ಬ್ಯಾಟಿನ ತುದಿಗೆ ತಾಗುತ್ತದೆ, ಎಡಗೈ ಬ್ಯಾಟರ್‌ಗೆ ಹಿಡಿಕೆಯ ಬಳಿ ತಾಗುತ್ತದೆ. ಹಿಡಿಕೆ ತೆಳು, ಮುರಿಯುತ್ತದೆ.

ಸಾಮಾನ್ಯವಾಗಿ ಬಲಗೈ ಪಿಚರ್‌ಗೆ ಎಡಗೈ ಬ್ಯಾಟರ್ ತಲೆನೋವು. ರಿವೇರಾ ವಿಷಯದಲ್ಲಿ ಎಡಗೈಯವರೇ ತುಸು ಹೆಚ್ಚು ಪರದಾಡಿದರು. ಎರಡೂ ಕಡೆಯಿಂದ ಆಡಬಲ್ಲ ಕೆಲವರು ಇವರೆದುರು ಎಂದಿನ ಪದ್ಧತಿ ಬಿಟ್ಟು ಬಲಗೈಯಲ್ಲಿ ನಿಂತದ್ದೂ ಉಂಟು. 1999ರ ವರ್ಲ್ಡ್ ಸೀರೀಸ್‌ನಲ್ಲಿ ಅಟ್ಲಾಂಟಾದ ಎಡಗೈ ಬ್ಯಾಟರ್ ರಯಾನ್ ಕ್ಲೆಸ್ಕೊ ಒಂದೇ ಸರದಿಯಲ್ಲಿ ಮೂರು ಬ್ಯಾಟ್ ಮುರಿದುಕೊಂಡರು. ಡಗ್‌ಔಟ್‌ನಲ್ಲಿದ್ದ ಸಹ ಆಟಗಾರ ಚಿಪ್ಪರ್ ಜೋನ್ಸ್‌ಗೆ ನಗು ತಡೆಯಲಾಗಲಿಲ್ಲ. 2013ರಲ್ಲಿ ಮಿನೆಸೋಟ ತಂಡ ಮುರಿದ ಬ್ಯಾಟುಗಳನ್ನೇ ಜೋಡಿಸಿ ತೂಗುಕುರ್ಚಿ ಮಾಡಿ ರಿವೇರಾಗೆ ಬೀಳ್ಕೊಡುಗೆ ಕೊಟ್ಟಿತು.

ಒಂದೇ ಎಸೆತ ಎಂದರೂ ಜಾಗ ಒಂದೇ ಅಲ್ಲ. ಎಡಗೈಯವನಿಗೆ ಒಮ್ಮೆ ಕೈಬುಡಕ್ಕೆ. ಮರು ಎಸೆತ ಹೊರಗಿನಿಂದ ಬಂದು ಪ್ಲೇಟಿನ ಹೊರ ಅಂಚು ಮುಟ್ಟುವಂತೆ. ಬಲಗೈಯವನಿಗೆ ಸೊಂಟದ ಕಡೆ ಹೊರಟು ಒಳ ಅಂಚಿಗೆ ಮರಳುವಂತೆ, ಇಲ್ಲವೇ ಹೊರ ಅಂಚಿನಿಂದ ಇನ್ನೂ ಹೊರಗೆ. ಪ್ಲೇಟಿನ ಅಗಲ 43 ಸೆಂಟಿಮೀಟರ್. ರಿವೇರಾ ಅದರ ನಟ್ಟನಡುವನ್ನು ಬಿಟ್ಟುಕೊಡುತ್ತಿದ್ದುದು ಅಪರೂಪ. 2008ರ ಋತುವಿನಲ್ಲಿ 70⅔ ಇನ್ನಿಂಗ್ಸ್‌ಗೆ ಅವರು ಕೊಟ್ಟ ವಾಕ್ ಆರು, ಪಡೆದ ಸ್ಟ್ರೈಕ್‌ಔಟ್ 77.

ಎಸೆತದ ಉಳಿತಾಯ

1997ರ ಅಕ್ಟೋಬರ್ 5, ಕ್ಲೀವ್‌ಲ್ಯಾಂಡ್. ನಾಕೌಟ್ ಸರಣಿ ಗೆಲ್ಲಲು ನಾಲ್ಕು ಔಟ್ ಬೇಕಿದ್ದಾಗ ಸ್ಯಾಂಡಿ ಅಲೋಮರ್ ಜೂನಿಯರ್ ಹೊರಗಿದ್ದ ಎತ್ತರದ ಚೆಂಡನ್ನು ಕೈ ಚಾಚಿ ಬಲಬದಿಯ ಬೇಲಿ ದಾಟಿಸಿದರು. ಪಂದ್ಯ ಸಮವಾಯಿತು, ಮುಂದೆ ಯಾಂಕೀಸ್ ಸರಣಿಯನ್ನೇ ಸೋತಿತು. ಹೊಸ ಕ್ಲೋಸರ್‌ಗಳು ಇಂಥ ಪೆಟ್ಟಿನ ನಂತರ ಇನ್ನೂ ಜೋರಾಗಿ ಎಸೆಯಲು ಹೊರಡುವುದುಂಟು.

ರಿವೇರಾ ಮತ್ತು ಸ್ಟಾಟಲ್‌ಮೈರ್ ತದ್ವಿರುದ್ಧ ದಿಕ್ಕು ಹಿಡಿದರು. ಬ್ಯಾಟರ್‌ನನ್ನು ಬೀಸಿ ತಪ್ಪುವಂತೆ ಮಾಡುವ ಬದಲು, ಬೀಸಿ ಕೆಟ್ಟದಾಗಿ ತಾಗಿಸುವಂತೆ ಮಾಡುವುದು. ಒಂದನೇ, ಎರಡನೇ ಎಸೆತದಲ್ಲೇ ಸತ್ವವಿಲ್ಲದ ಹೊಡೆತ, ಸುಲಭದ ಔಟ್. ಫಲ 1998ರ ಅಂಕಿಯಲ್ಲಿದೆ: 61⅓ ಇನ್ನಿಂಗ್ಸ್, ಸ್ಟ್ರೈಕ್‌ಔಟ್ ಬರೀ 36, ಇಆರ್‌ಎ 1.91. ಎರಡು ವರ್ಷ ಹಿಂದಿನ 130 ಸ್ಟ್ರೈಕ್‌ಔಟ್ ಪಕ್ಕದಲ್ಲಿಟ್ಟರೆ ಬೇರೊಬ್ಬ ಪಿಚರ್‌ನ ಅಂಕಿಯೇ ಎನಿಸುತ್ತದೆ. ಆ ಅಕ್ಟೋಬರ್‌ನ ನಾಕೌಟ್ ಪಂದ್ಯಗಳಲ್ಲಿ 13⅓ ಇನ್ನಿಂಗ್ಸ್‌ಗೆ ಒಂದು ರನ್ನೂ ಕೊಡಲಿಲ್ಲ. ಸ್ಟ್ರೈಕ್‌ಔಟ್ ಕಡಿಮೆಯಾದರೆ ಪಿಚರ್ ಕುಸಿಯುತ್ತಿದ್ದಾನೆ ಎಂದೇ ಇವತ್ತಿನ ತಂಡಗಳ ವಿಶ್ಲೇಷಕರು ಓದುತ್ತಾರೆ, ಹೆಚ್ಚಿನವರ ವಿಷಯದಲ್ಲಿ ಅದು ಸರಿ ಕೂಡ. ರಿವೇರಾ ವಿಷಯದಲ್ಲಿ ಅದು ಯೋಚಿಸಿ ಮಾಡಿದ ಉಳಿತಾಯ. ಬೇಕೆನಿಸಿದಾಗ ಸ್ಟ್ರೈಕ್‌ಔಟ್ ತೆಗೆಯುವ ಶಕ್ತಿ ಹೋಗಿರಲಿಲ್ಲ ಎಂಬುದಕ್ಕೆ ಹತ್ತು ವರ್ಷದ ನಂತರದ ಆ 77 ಸಾಕ್ಷಿ.

ಇನ್ನರ್ಧ ಉಳಿತಾಯ ಟೋರಿಯದು. 1997ರಿಂದ ನಿವೃತ್ತಿಯವರೆಗೆ ರಿವೇರಾ ಎಸೆದದ್ದು 1,035 ಪಂದ್ಯಗಳಲ್ಲಿ 1,109 ಇನ್ನಿಂಗ್ಸ್. ಸರಾಸರಿ ಪಂದ್ಯಕ್ಕೆ ಒಂದು ಇನ್ನಿಂಗ್ಸ್‌ಗಿಂತ ತುಸು ಮೇಲೆ, ಅಷ್ಟೇ. ಅಕ್ಟೋಬರ್‌ನ ನಾಕೌಟ್ ಪಂದ್ಯಗಳಲ್ಲಿ ಮಾತ್ರ 96 ಪಂದ್ಯಕ್ಕೆ 141 ಇನ್ನಿಂಗ್ಸ್, ಹತ್ತಿರ ಹತ್ತಿರ ಒಂದೂವರೆ. ಆರು ತಿಂಗಳು ಕಾಪಾಡಿಟ್ಟ ತೋಳನ್ನು ಒಂದು ತಿಂಗಳು ಧಾರಾಳವಾಗಿ ಬಳಸಿದರು. ಆ 141 ಇನ್ನಿಂಗ್ಸ್‌ಗಳಲ್ಲಿ ಇಆರ್‌ಎ 0.70, ಹೋಮ್ ರನ್ ಎರಡೇ. 2003ರ ಅಕ್ಟೋಬರ್ 16ರಂದು ಬಾಸ್ಟನ್ ವಿರುದ್ಧ ನಾಕೌಟ್ ಸರಣಿಯ ಏಳನೇ ಪಂದ್ಯದಲ್ಲಿ ಒಂಬತ್ತು, ಹತ್ತು, ಹನ್ನೊಂದನೇ ಇನ್ನಿಂಗ್ಸ್ ಮೂರನ್ನೂ ಅವರೇ ಎಸೆದರು. ಋತುವಿನ ನಡುವೆ ಯಾವ ಮ್ಯಾನೇಜರ್ ಕೂಡ ಕ್ಲೋಸರ್‌ಗೆ ಹಾಗೆ ಕೇಳುವುದಿಲ್ಲ.

ಈ ಲೆಕ್ಕ ಮೀರಿದ ವರ್ಷ ಏನಾಯಿತು ಎಂಬುದಕ್ಕೂ ಉದಾಹರಣೆ ಇದೆ. 2001ರಲ್ಲಿ 80⅔ ಇನ್ನಿಂಗ್ಸ್ ಎಸೆದು, ನವೆಂಬರ್‌ವರೆಗೂ ಆಡಿದರು. 2002ರಲ್ಲಿ ತೊಡೆಸಂದು, ಭುಜದ ನೋವಿನಿಂದ ಮೂರು ಸಲ ಗಾಯಾಳುಗಳ ಪಟ್ಟಿ ಸೇರಿ 46 ಇನ್ನಿಂಗ್ಸ್‌ಗೆ ನಿಂತರು. ಇದೊಂದೇ ಕಾರಣ ಎಂದು ಹೇಳಲು ಬಾರದು, ಆದರೆ ಬುಲ್‌ಪೆನ್ ನಡೆಸುವವರು ಇದನ್ನು ಕಡೆಗಣಿಸುವುದಿಲ್ಲ.

2001ರ ನವೆಂಬರ್ 4, ಒಂಬತ್ತನೇ ಇನ್ನಿಂಗ್ಸ್

ಫೀನಿಕ್ಸ್‌ನಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಅರಿಜೋನ ವಿರುದ್ಧ ಯಾಂಕೀಸ್ 2-1 ಮುಂದೆ. ಎಂಟನೇ ಇನ್ನಿಂಗ್ಸ್‌ಗೇ ಬಂದ ರಿವೇರಾ ಆ ಇನ್ನಿಂಗ್ಸ್‌ನ ಮೂರೂ ಔಟ್ ಸ್ಟ್ರೈಕ್‌ಔಟ್‌ನಲ್ಲೇ ಪಡೆದರು. ಅದುವರೆಗೆ ನಾಕೌಟ್ ಪಂದ್ಯಗಳಲ್ಲಿ ಸತತ 23 ಸೇವ್ ಅವರ ಹೆಸರಲ್ಲಿದ್ದವು.

ಒಂಬತ್ತನೆಯದರಲ್ಲಿ ಮಾರ್ಕ್ ಗ್ರೇಸ್ ಸಿಂಗಲ್ ಹೊಡೆದು ಮೊದಲ ಬೇಸ್ ಸೇರಿದರು. ಅವರ ಬದಲು ಓಡಲು ಡೇವಿಡ್ ಡೆಲೂಚಿ ಬಂದರು. ಡೇಮಿಯನ್ ಮಿಲ್ಲರ್ ಬಂಟ್ ಮಾಡಿದರು, ಅಂದರೆ ಚೆಂಡನ್ನು ಮೆಲ್ಲಗೆ ಮುಂದಕ್ಕೆ ಉರುಳಿಸಿದರು. ರಿವೇರಾ ಎತ್ತಿ ಎರಡನೇ ಬೇಸ್‌ಗೆ ಎಸೆದ ಚೆಂಡು ಡೆರೆಕ್ ಜೀಟರ್ ಕೈಗೆ ಸಿಗದೆ ಮೈದಾನದ ನಡುವಿಗೆ ಹೋಯಿತು. ಒಂದು ಔಟ್ ಆಗಬೇಕಿದ್ದಲ್ಲಿ ಇಬ್ಬರೂ ಉಳಿದರು. ಜೇ ಬೆಲ್ ಕೂಡ ಬಂಟ್ ಮಾಡಿದರು. ಈ ಸಲ ಮೂರನೇ ಬೇಸ್‌ಗೆ ಸರಿಯಾಗಿ ಎಸೆದು ಒಬ್ಬನನ್ನು ಔಟ್ ಮಾಡಿದರು, ಆದರೆ ಸ್ಕಾಟ್ ಬ್ರೋಷಸ್ ಚೆಂಡನ್ನು ಮೊದಲ ಬೇಸ್‌ಗೆ ಎಸೆಯದೆ ಕೈಯಲ್ಲೇ ಉಳಿಸಿಕೊಂಡರು. ಟೋನಿ ವೋಮ್ಯಾಕ್ ಬಲಗೆರೆಗುಂಟ ಎರಡು ಬೇಸ್ ದಕ್ಕುವ ಡಬಲ್ ಹೊಡೆದರು, 2-2. ಕ್ರೇಗ್ ಕೌನ್ಸೆಲ್‌ಗೆ ಚೆಂಡು ತಾಗಿ ಮೊದಲ ಬೇಸ್ ಪುಕ್ಕಟೆ ಸಿಕ್ಕಿತು. ಮೂರೂ ಬೇಸ್ ಭರ್ತಿ, ಒಂದೇ ಔಟ್.

ಟೋರಿ ಒಳಾಂಗಣದ (ಬೇಸ್‌ಗಳ ಬಳಿಯ) ಫೀಲ್ಡರ್‌ಗಳನ್ನು ಮುಂದಕ್ಕೆ ಕರೆದರು. ನೆಲಕ್ಕೆ ಬಿದ್ದ ಚೆಂಡನ್ನು ಎತ್ತಿ ನೇರ ಪ್ಲೇಟಿಗೆ ಎಸೆದು ಗೆಲುವಿನ ರನ್ ತಡೆಯುವ ಲೆಕ್ಕ. ಟಿವಿ ವೀಕ್ಷಕ ವಿವರಣೆಯಲ್ಲಿದ್ದ ಮಾಜಿ ಕ್ಯಾಚರ್ ಟಿಮ್ ಮೆಕಾರ್ವರ್ ಆಗಲೇ ಅದರ ಅಪಾಯ ಹೇಳಿದ್ದರು: ರಿವೇರಾ ಎಡಗೈಯವರ ಕೈಬುಡಕ್ಕೆ ಎಸೆಯುತ್ತಾರೆ, ಎಡಗೈಯವರು ಬ್ಯಾಟ್ ಮುರಿದುಕೊಂಡು ಚೆಂಡನ್ನು ಒಳಾಂಗಣದ ಹಿಂದೆಯೇ ಬೀಳಿಸುತ್ತಾರೆ. ಎಡಗೈ ಬ್ಯಾಟರ್ ಲೂಯಿಸ್ ಗೊನ್ಜಾಲೆಜ್ ಬ್ಯಾಟನ್ನು ತುಸು ಮೇಲೆ ಹಿಡಿದು ನಿಂತರು. ಕಟರ್ ಕೈಬುಡಕ್ಕೆ ಬಂತು, ಬ್ಯಾಟ್ ಮುರಿಯಿತು, ಚೆಂಡು ಜೀಟರ್ ತಲೆ ಮೇಲೆ ಹಾರಿ ಹುಲ್ಲಿನ ಅಂಚಿಗೆ ಬಿತ್ತು. 3-2.

ಆ ಕೊನೆಯ ಎಸೆತ ಕೆಟ್ಟದ್ದಾಗಿರಲಿಲ್ಲ. ಜೀಟರ್ ಮಾಮೂಲಿ ಜಾಗದಲ್ಲಿದ್ದಿದ್ದರೆ ಅದು ಸುಲಭದ ಕ್ಯಾಚ್. ಮೆತ್ತಗಿನ ಹೊಡೆತ ಹೊಡೆಸಿ ಔಟ್ ಪಡೆಯುವ ಪದ್ಧತಿಗೆ ಫೀಲ್ಡರ್‌ಗಳು ಸರಿಯಾದ ಜಾಗದಲ್ಲಿರಬೇಕು. ಅವರನ್ನು ಮುಂದಕ್ಕೆ ಕರೆಸುವ ಸ್ಥಿತಿ ತಂದುಕೊಂಡರೆ ಪದ್ಧತಿಯ ಬಲವೇ ದೌರ್ಬಲ್ಯವಾಗುತ್ತದೆ. ಆ ಸ್ಥಿತಿ ತಂದದ್ದು ಮಿಲ್ಲರ್ ಬಂಟ್‌ಗೆ ಅವಸರದಲ್ಲಿ ಎಸೆದ ಚೆಂಡು. ಎರಡನೇ ಬೇಸ್ ಬಿಟ್ಟು ಮೊದಲ ಬೇಸ್‌ಗೆ ಎಸೆದಿದ್ದರೆ ಒಂದು ಔಟ್ ಖಚಿತವಿತ್ತು. ಪಿಚರ್‌ಗಳು ಬಂಟ್ ಎತ್ತುವ ಅಭ್ಯಾಸವನ್ನು ವಸಂತದ ಶಿಬಿರದಲ್ಲಿ ಬೇಸರದಿಂದ ಮಾಡುತ್ತಾರೆ. ಈ ಪಂದ್ಯ ಸೋತದ್ದು ಅಲ್ಲಿ.

2004ರ ಅಕ್ಟೋಬರ್ 17ರ ಬಾಸ್ಟನ್ ಪಂದ್ಯದ್ದು ಬೇರೆ ಬಗೆಯ ತಪ್ಪು. ಒಂಬತ್ತನೇ ಇನ್ನಿಂಗ್ಸ್, 4-3 ಮುನ್ನಡೆ. ಮೊದಲ ಬ್ಯಾಟರ್ ಕೆವಿನ್ ಮಿಲಾರ್‌ಗೆ ವಾಕ್ ಕೊಟ್ಟರು. ಓಡಲು ಬಂದ ಡೇವ್ ರಾಬರ್ಟ್ಸ್‌ರನ್ನು ಹಿಡಿದಿಡಲು ಮೂರು ಸಲ ಮೊದಲ ಬೇಸ್‌ಗೆ ಎಸೆದರು. ಬ್ಯಾಟರ್‌ಗೆ ಎಸೆದ ಮೊದಲ ಚೆಂಡಿಗೇ ರಾಬರ್ಟ್ಸ್ ಎರಡನೇ ಬೇಸ್ ಕದ್ದರು, ಅಂದರೆ ಎಸೆತದ ನಡುವೆಯೇ ಓಡಿ ಸೇರಿದರು. ಬಿಲ್ ಮ್ಯೂಲರ್ ಸಿಂಗಲ್, ಪಂದ್ಯ ಸಮ. ಯಾಂಕೀಸ್ ಆ ಸರಣಿಯಲ್ಲಿ ಮೂರು ಪಂದ್ಯ ಮುಂದಿದ್ದೂ ಸೋತಿತು. ಒಂದು ರನ್ ಕಾಯುವ ಕ್ಲೋಸರ್ ಮೊದಲ ಬ್ಯಾಟರ್‌ಗೆ ವಾಕ್ ಕೊಡುವುದೆಂದರೆ ಪಂದ್ಯವನ್ನೇ ಒತ್ತೆಯಿಟ್ಟಂತೆ.

ಮೊಣಕಾಲು, ಮತ್ತು ಕೊನೆಯ ವರ್ಷ

ರಿವೇರಾ ಪಂದ್ಯಕ್ಕೆ ಮುನ್ನ ದಿನವೂ ಬೇಸ್‌ಗಳಾಚೆಯ ಹೊರಾಂಗಣದಲ್ಲಿ ಓಡಾಡಿ, ಬ್ಯಾಟಿಂಗ್ ಅಭ್ಯಾಸದ ಎತ್ತರದ ಚೆಂಡುಗಳನ್ನು ಹಿಡಿಯುತ್ತಿದ್ದರು. ಕಾಲಿನ ಕಸುವಿಗೆ ಅದೇ ಅವರ ವ್ಯಾಯಾಮ. 2012ರ ಮೇ 3ರಂದು ಕಾನ್ಸಾಸ್ ಸಿಟಿಯಲ್ಲಿ ಹಾಗೆ ಓಡುವಾಗ ಹುಲ್ಲು ಮುಗಿದು ಮಣ್ಣಿನ ಪಟ್ಟಿ ಶುರುವಾಗುವಲ್ಲಿ ಬಲ ಮೊಣಕಾಲು ತಿರುಚಿ ಎಸಿಎಲ್ ರಜ್ಜು ಹರಿಯಿತು. ವಯಸ್ಸು 42. ಅಭ್ಯಾಸಕ್ಕೆ ಅವಕಾಶ ಕೊಟ್ಟಿದ್ದೇ ತಪ್ಪೆಂದು ಟೀಕೆ ಬಂತು. ಮ್ಯಾನೇಜರ್ ಜೋ ಜಿರಾರ್ಡಿ ಒಪ್ಪಲಿಲ್ಲ, ಅವರ ನಿಲುವೇ ಸರಿ. ಹದಿನೇಳು ವರ್ಷ ಆ ಕಾಲುಗಳನ್ನು ಗಟ್ಟಿಯಾಗಿ ಇಟ್ಟದ್ದು ಅದೇ ಓಟ. ಆ ವರ್ಷ ಅವರ ಜಾಗದಲ್ಲಿ ರಫೆಲ್ ಸೊರಿಯಾನೊ 42 ಸೇವ್ ಗಳಿಸಿದರು. ಸೇವ್ ಎಂಬ ಅಂಕಿ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದು ಇದರಿಂದಲೂ ತಿಳಿಯುತ್ತದೆ.

2013ರಲ್ಲಿ ಮರಳಿದರು. ಆಗಸ್ಟ್‌ನಲ್ಲಿ ಸತತ ಮೂರು ಅವಕಾಶ ಕೈತಪ್ಪಿದವು, ವೃತ್ತಿಯಲ್ಲೇ ಮೊದಲ ಸಲ. ಅವುಗಳಲ್ಲಿ ಎರಡರಲ್ಲಿ ಡೆಟ್ರಾಯಿಟ್‌ನ ಮಿಗೆಲ್ ಕಬ್ರೇರಾ ಹೋಮ್ ರನ್ ಹೊಡೆದರು. ಮೊದಲನೆಯದರಲ್ಲಿ ಎರಡು ಚೆಂಡು ತನ್ನ ಕಾಲಿಗೇ ತಾಗಿಸಿಕೊಂಡು, ಕುಂಟುತ್ತಲೇ ನಿಂತು ಹೊಡೆದದ್ದು. ಆದರೂ ಋತು ಮುಗಿದಾಗ 44 ಸೇವ್, ಇಆರ್‌ಎ 2.11, ವಯಸ್ಸು 43. 2019ರಲ್ಲಿ ಶ್ರೇಷ್ಠ ಆಟಗಾರರ ಹಾಲ್ ಆಫ್ ಫೇಮ್‌ಗೆ ಮತ ಹಾಕಿದ 425 ಬರಹಗಾರರೂ ಅವರ ಹೆಸರು ಬರೆದರು. ಅದಕ್ಕೆ ಮೊದಲು ಯಾವ ಆಟಗಾರನಿಗೂ ಎಲ್ಲ ಮತ ಬಿದ್ದಿರಲಿಲ್ಲ.

ಬೇರೆಯವರಿಗೆ ದಕ್ಕಿದ್ದು

2008ರ ಆಲ್ ಸ್ಟಾರ್ ಪಂದ್ಯದ ವೇಳೆ ಟೊರಾಂಟೊದ ರಾಯ್ ಹ್ಯಾಲಡೇ ಕಟರ್ ಬಗ್ಗೆ ಕೇಳಿದಾಗ ರಿವೇರಾ ಹಿಡಿತವನ್ನು ತೋರಿಸಿಯೇ ಬಿಟ್ಟರು. ಹ್ಯಾಲಡೇ ಆ ಬೆರಳುಗಳ ಜಾಗವನ್ನು ಒಂದು ಚೆಂಡಿನ ಮೇಲೆ ಪೆನ್ನಿನಿಂದ ಗುರುತು ಮಾಡಿಕೊಂಡು, ಕಟರ್ ಕೆಟ್ಟಾಗಲೆಲ್ಲ ತೆಗೆದು ನೋಡುತ್ತಿದ್ದರು. ಅವರಿಗೆ ತಪ್ಪುತ್ತಿದ್ದದ್ದು ಹೆಬ್ಬೆರಳಿನ ಜಾಗ. ಟೊರಾಂಟೊ ಯಾಂಕೀಸ್‌ನ ನೇರ ಪ್ರತಿಸ್ಪರ್ಧಿ. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಸಹ ಆಟಗಾರರು ರಿವೇರಾಗೆ ದಂಡ ಹಾಕಿದರು. ಹ್ಯಾಲಡೇ ಸ್ಟಾರ್ಟರ್, ಅವರಿಗೆ ಕಟರ್ ಹಲವು ಎಸೆತಗಳಲ್ಲಿ ಒಂದು. ಹಿಡಿತ ಕಲಿತು ಕ್ಲೋಸರ್ ಆಗಿ ಅದೊಂದರ ಮೇಲೇ ನಿಲ್ಲಲು ಹೋದವರು ಹೆಚ್ಚು ಕಾಲ ಬಾಳಲಿಲ್ಲ.

ಹತ್ತಿರ ಬಂದವರು ಕುರಸಾವ್ ದ್ವೀಪದ ಕೆನ್ಲಿ ಜಾನ್ಸೆನ್. ಕ್ಯಾಚರ್ ಆಗಿದ್ದ ಅವರನ್ನು ಡಾಡ್ಜರ್ಸ್ 2009ರಲ್ಲಿ ಪಿಚರ್ ಮಾಡಿತು. ಅವರ ನೇರ ಎಸೆತವೂ ತಾನಾಗಿಯೇ ಜರುಗುತ್ತಿತ್ತು, ಕೋಚ್‌ಗಳು ಈ ಸಲ ಅದನ್ನು ನೇರ ಮಾಡುವ ಗೋಜಿಗೆ ಹೋಗಲಿಲ್ಲ. 2023ರ ಮೇ ತಿಂಗಳಲ್ಲಿ ಜಾನ್ಸೆನ್ 400ನೇ ಸೇವ್ ಮುಟ್ಟಿದರು.